ಹಲ್ಲಿಲ್ಲದ ಗೇರು, ಜೂನ್ ತಿಂಗಳ ಕಡಲು

ಕೆಮಿಸ್ಟ್ರಿ ಲ್ಯಾಬಿನ ಮ್ಯಾಗ್ನೆಟಿಕ್ ಸ್ಟರರ್ ನೆನಪಿದೆಯಾ? ಬೀಕರ್ ಒಳಗೆ ಮಾತ್ರೆ ತರಹದ ಬಿಳಿ ವಸ್ತುವೊಂದು ಸುತ್ತುತ್ತಿರುತ್ತೆ, ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ಅಯಸ್ಕಾಂತ ಸುತ್ತುತ್ತಿರುತ್ತೆ, ಮಧ್ಯೆ ಗಾಜು. ಎರಡರ ನಡುವೆ ಶಾಫ್ಟ್ ಇಲ್ಲ, ಬೆಲ್ಟ್ ಇಲ್ಲ, ನೀರು ಸೋರದ ಹಾಗೆ ತಡೆಯೋ ಸೀಲ್ ಇಲ್ಲ. ನಾಬನ್ನು ಒಮ್ಮೆಲೇ ಜೋರು ಮಾಡಿದ್ರೆ ಆ ಮಾತ್ರೆ ಹಿಡಿತ ತಪ್ಪಿ ಬೀಕರ್ ತುಂಬಾ ಕುಣಿದಾಡುತ್ತೆ. ಏನೂ ಮುರಿಯಲ್ಲ. ನಾಬ್ ಕಮ್ಮಿ ಮಾಡಿ, ಮತ್ತೆ ಸುಮ್ಮನೆ ಸುತ್ತೋಕೆ ಶುರು. ಸಮುದ್ರದ ಅಲೆಯಿಂದ ಕರೆಂಟ್ ತೆಗೆಯೋ ವಿಷಯದಲ್ಲಿ ನಾವು ಹೇಳಬೇಕು ಅಂದುಕೊಂಡಿರೋ ಒಳ್ಳೇದು ಕೆಟ್ಟದ್ದು ಎರಡೂ ಆ ಬೀಕರಿನಲ್ಲೇ ಇದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಅಲೆ ವಿದ್ಯುತ್ತಿನ ಬಗ್ಗೆ ಸೆಮಿನಾರ್‌ಗಳಲ್ಲಿ ತೋರಿಸೋ ಸ್ಲೈಡ್‌ಗಳಲ್ಲಿ ಎರಡು ಮಾತು ಯಾವಾಗ್ಲೂ ಇರುತ್ತೆ. ಒಂದು, ನಮ್ಮ ದೇಶಕ್ಕೆ ಇಷ್ಟು ಸಾವಿರ ಕಿಲೋಮೀಟರ್ ಕರಾವಳಿ ಇದೆ, ಆದ್ದರಿಂದ ಇಷ್ಟು ಸಾವಿರ ಮೆಗಾವ್ಯಾಟ್ ಸಿಗುತ್ತೆ. ಇನ್ನೊಂದು, ಮ್ಯಾಗ್ನೆಟಿಕ್ ಗೇರ್ ಹಾಕಿದ್ರೆ ಸವೆತ ಇಲ್ಲ, ಎಣ್ಣೆ ಬೇಡ, ಮೇಂಟೆನೆನ್ಸೇ ಇಲ್ಲ. ನಾವು ಎರಡನ್ನೂ ಪೂರ್ತಿ ನಂಬಲ್ಲ. ಹಾಗಂತ ಮ್ಯಾಗ್ನೆಟಿಕ್ ಗೇರನ್ನು ಮೂಲೆಗೆ ಹಾಕಿ ಅಂತಲೂ ಹೇಳ್ತಿಲ್ಲ. ಅದಕ್ಕೆ ತಕ್ಕ ಜಾಗ ದೊಡ್ಡ ಪವರ್ ಸ್ಟೇಷನ್ ಅಲ್ಲ. ಯಾರೂ ಹತ್ತಿರ ಹೋಗಲಾಗದ ಕಡೆ ತಿಂಗಳುಗಟ್ಟಲೆ ಒಂಟಿಯಾಗಿ ತೇಲೋ ಸಣ್ಣ ಯಂತ್ರ. ಅಂಥದ್ದರ ಬೆಂಚ್ ಮಾಡೆಲ್ ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲೇ ಆಗುತ್ತೆ. ಅಡ್ಡ ಬರ್ತಿರೋದು ದುಡ್ಡಲ್ಲ, ಒಂದು ರೂಲು. ಅದರ ಕಥೆ ಆಮೇಲೆ.

(ಅಂದ ಹಾಗೆ, ಕುಮಟಾ ಕಡೆಯ ಗೆಳೆಯರು ಶೀರ್ಷಿಕೆ ನೋಡಿ ಗೇರುಬೀಜ ಅಂದ್ಕೋಬೇಡಿ. ಗೇರಿಗೆ ‘ಹಲ್ಲುಚಕ್ರ’ ಅಂತ ಕನ್ನಡ ಪದ ಇದೆ. ಆದ್ರೆ ಹಲ್ಲೇ ಇಲ್ಲದ ಹಲ್ಲುಚಕ್ರಕ್ಕೆ ಏನು ಅನ್ನೋದು? ನಮಗೂ ಹೊಳೆದಿಲ್ಲ.)

ಮೊದಲು ಕಡಲಿನ ಕಷ್ಟ ಏನು ಅಂತ ನೋಡೋಣ. ಜನರೇಟರಿನ ಗಾತ್ರ ಎಷ್ಟಿರಬೇಕು ಅನ್ನೋದನ್ನು ಮುಖ್ಯವಾಗಿ ನಿರ್ಧರಿಸೋದು ಪವರ್ ಅಲ್ಲ, ಟಾರ್ಕ್. ಒಂದೇ ಪವರ್‌ಗೆ ವೇಗ ಜಾಸ್ತಿ ಇದ್ರೆ ಟಾರ್ಕ್ ಕಮ್ಮಿ, ಯಂತ್ರವೂ ಚಿಕ್ಕದು. ಅಲೆಗೆ ವೇಗವೇ ಇಲ್ಲ, ಬರೀ ಬಲ. ಒಂದು ಲೆಕ್ಕ ಹಾಕಿ. ನೀರಿನ ಮೇಲೆ ತೇಲೋ ಒಂದು ಬುರುಡೆ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಏಳ್ತಾ ಇಳೀತಾ ಇದೆ. (ಇಂಗ್ಲಿಷಿನವರು ಇದಕ್ಕೆ ಹೇಳೋ ಪದವನ್ನು ಕನ್ನಡದಲ್ಲಿ ಬರೆದ್ರೆ ‘ಹುಡುಗ’ ಅಂತ ಓದಿಕೊಳ್ತೀರಿ. ಅದಕ್ಕೇ ತೇಲುಬುರುಡೆ ಅಂತೀವಿ, ಈಜು ಕಲಿಯೋವಾಗ ಬೆನ್ನಿಗೆ ಕಟ್ಟುತ್ತಿದ್ದ ಸೋರೆಬುರುಡೆಯ ಹಾಗೆ.) ಅದರಿಂದ 1 ಕಿಲೋವ್ಯಾಟ್ ಬೇಕು ಅಂದ್ರೆ 2000 ನ್ಯೂಟನ್ ಬಲ ಬೇಕು. ಅಂದ್ರೆ ನಾಲ್ಕು ಸಿಮೆಂಟ್ ಚೀಲದ ಭಾರ. ಅದರ ಹಗ್ಗವನ್ನು 10 ಸೆಂಟಿಮೀಟರ್ ತ್ರಿಜ್ಯದ ಡ್ರಮ್ಮಿಗೆ ಸುತ್ತಿದ್ರೆ 200 ನ್ಯೂಟನ್ ಮೀಟರ್ ಟಾರ್ಕ್, ವೇಗ ಸುಮಾರು 48 ಆರ್‌ಪಿಎಂ. ಹಾಸ್ಟೆಲ್ ಸೀಲಿಂಗ್ ಫ್ಯಾನ್ ಒಂದರಲ್ಲಿಟ್ಟರೂ ಇದಕ್ಕಿಂತ ಜೋರು ತಿರುಗುತ್ತೆ.

ಗೇರ್‌ಬಾಕ್ಸ್ ಹಾಕಿ ವೇಗ ಹೆಚ್ಚಿಸಬಹುದಲ್ವಾ? ವಿಂಡ್ ಮಿಲ್‌ನಲ್ಲಿ ಮಾಡ್ತಾರಲ್ಲ? ಮಾಡಬಹುದು. ಆದ್ರೆ ಗಾಳಿಯಂತ್ರ ಒಂದೇ ದಿಕ್ಕಿಗೆ ತಿರುಗುತ್ತೆ. ಅಲೆ ಹೋಗುತ್ತೆ, ಬರುತ್ತೆ. 8 ಸೆಕೆಂಡಿಗೆ ಒಂದು ಅಲೆ ಅಂದ್ರೆ ದಿನಕ್ಕೆ 10,800 ಅಲೆ, ವರ್ಷಕ್ಕೆ 39 ಲಕ್ಷ ಮೀರುತ್ತೆ. ಒಂದೊಂದು ಅಲೆಗೂ ದಿಕ್ಕು ಎರಡು ಸಲ ಬದಲಾಗುತ್ತೆ. ಗೇರಿನ ಹಲ್ಲುಗಳ ಮಧ್ಯೆ ಇರೋ ಸಣ್ಣ ಸಂದಿನಿಂದಾಗಿ ಪ್ರತಿ ಸಲ ದಿಕ್ಕು ಬದಲಾದಾಗ್ಲೂ ಹಲ್ಲಿಗೆ ಹಲ್ಲು ‘ಟಕ್’ ಅಂತ ಬಡಿಯುತ್ತೆ. ವರ್ಷಕ್ಕೆ 78 ಲಕ್ಷ ಟಕ್. ಜೊತೆಗೆ ಉಪ್ಪುನೀರು, ಎಣ್ಣೆ ಸೋರಿದ್ರೆ ಕಡಲಿಗೇ.

ಗೇರೇ ಬೇಡ ಅಂತ ಹೊರಟವರೂ ಇದ್ದಾರೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಲೀಸೆಕಿಲ್ ಕರಾವಳಿಯಲ್ಲಿ 2006ರಿಂದ ಸಮುದ್ರದ ತಳದಲ್ಲಿ ಲೀನಿಯರ್ ಜನರೇಟರ್ ಇಟ್ಟು, ಮೇಲಿನ ತೇಲುಬುರುಡೆಗೆ ಹಗ್ಗ ಕಟ್ಟಿ, ಅಲೆ ಎಳೆದ ಹಾಗೆ ಅಯಸ್ಕಾಂತವನ್ನು ಕಾಯಿಲ್ ಒಳಗೆ ಮೇಲೆ ಕೆಳಗೆ ಓಡಿಸಿದರು. 2004ರಲ್ಲಿ ಪೋರ್ಚುಗಲ್ ಕಡಲಿನಲ್ಲಿ ಪರೀಕ್ಷೆ ಮಾಡಿದ ಆರ್ಕಿಮಿಡೀಸ್ ವೇವ್ ಸ್ವಿಂಗ್ ಅನ್ನೋ 2 ಮೆಗಾವ್ಯಾಟ್ ಯಂತ್ರವೂ ಇದೇ ಜಾತಿಯದು. ನೋಡೋಕೆ ಸರಳ, ಚೆಂದ. ಆದ್ರೆ ಮೇಲಿನ ಲೆಕ್ಕ ಬಿಡಲ್ಲ: ವೇಗ ಕಮ್ಮಿ ಇದ್ದಷ್ಟೂ ಅಯಸ್ಕಾಂತ, ತಾಮ್ರ, ಕಬ್ಬಿಣ ರಾಶಿಗಟ್ಟಲೆ ಬೇಕು. ಹಲ್ಲಿನ ಗೇರೂ ಬೇಡ, ಇಷ್ಟು ಭಾರವೂ ಬೇಡ ಅಂದಾಗ ಬರೋದೇ ಮ್ಯಾಗ್ನೆಟಿಕ್ ಗೇರ್.

ಇದು ಕೆಲಸ ಮಾಡೋ ರೀತಿ ಪೇಪರುಗಳಲ್ಲಿ ಫೋರಿಯರ್ ಸೀರೀಸ್ ಹಾಕಿ ವಿವರಿಸಿರ್ತಾರೆ. ನಮಗೆ ಅರ್ಥ ಆಗಿದ್ದು ಬಾಚಣಿಗೆಯಿಂದ. ಒಂದೇ ಉದ್ದದ ಎರಡು ಬಾಚಣಿಗೆ ತಗೊಳ್ಳಿ, ಒಂದಕ್ಕೆ 23 ಹಲ್ಲು, ಇನ್ನೊಂದಕ್ಕೆ 27. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ್ರೆ ಕಪ್ಪು ಬಿಳಿ ಪಟ್ಟೆಗಳು ಕಾಣ್ತವೆ. ಎಷ್ಟು? 27ರಲ್ಲಿ 23 ಕಳೆದ್ರೆ 4. ಈಗ 27 ಹಲ್ಲಿನ ಬಾಚಣಿಗೆಯನ್ನು ಒಂದೇ ಒಂದು ಹಲ್ಲಿನಷ್ಟು ಸರಿಸಿ. ಪಟ್ಟೆಗಳು ಒಂದು ಪೂರ್ತಿ ಪಟ್ಟೆಯಷ್ಟು ಓಡಿಬಿಡ್ತವೆ. ಬಾಚಣಿಗೆ ಸರಿದಿದ್ದು ಉದ್ದದ 27ನೇ ಒಂದು ಭಾಗ, ಪಟ್ಟೆ ಓಡಿದ್ದು 4ನೇ ಒಂದು ಭಾಗ. ಅಂದ್ರೆ 6.75 ಪಟ್ಟು ವೇಗ. ಗೇರ್ ಅಂದ್ರೆ ಇಷ್ಟೇ ತಾನೆ?

ಈ ಬಾಚಣಿಗೆಗಳನ್ನು ಬಳೆ ತರಹ ಬಗ್ಗಿಸಿ. ಹೊರಗಿನ ಬಳೆಯಲ್ಲಿ 23 ಜೋಡಿ ಉತ್ತರ ದಕ್ಷಿಣ ಧ್ರುವ. ನಡುವಿನ ಬಳೆಯಲ್ಲಿ 27 ಉಕ್ಕಿನ ತುಂಡು, ಅಯಸ್ಕಾಂತ ಅಲ್ಲ, ಬರೀ ಉಕ್ಕು. ಒಳಗೆ 4 ಜೋಡಿ ಧ್ರುವದ ಒಂದು ರೋಟರ್. ಹೊರಗಿನ 23 ಜೋಡಿಯ ಕಾಂತಕ್ಷೇತ್ರ 27 ಉಕ್ಕಿನ ತುಂಡುಗಳ ಸಂದಿಯಿಂದ ಒಳಗೆ ಇಣುಕಿದಾಗ 4 ಜೋಡಿಯ ಹಾಗೆ ಕಾಣುತ್ತೆ. ಒಳಗಿನ ರೋಟರ್ ಅದಕ್ಕೆ ಅಂಟಿಕೊಳ್ಳುತ್ತೆ. ಹೊರಬಳೆಯನ್ನು ಅಲುಗಾಡದಂತೆ ಹಿಡಿದು ಉಕ್ಕಿನ ಬಳೆಯನ್ನು ಒಂದು ಸುತ್ತು ತಿರುಗಿಸಿದ್ರೆ ಒಳರೋಟರ್ ಆರೂಮುಕ್ಕಾಲು ಸುತ್ತು ತಿರುಗುತ್ತೆ. ನಮ್ಮ 48 ಆರ್‌ಪಿಎಂ ಹೋಗಿ 320ರ ಹತ್ತಿರ ಆಯ್ತು, 200 ನ್ಯೂಟನ್ ಮೀಟರ್ 30ಕ್ಕೆ ಇಳೀತು. ಒಂದಕ್ಕೊಂದು ಮುಟ್ಟಿದ್ದೇ ಇಲ್ಲ.

ಮೆಕ್ಯಾನಿಕಲ್‌ನವರು ಇಷ್ಟೊತ್ತಿಗೆ ನಗ್ತಿರಬೇಕು. ಇದು ನಿಮ್ಮ ಎಪಿಸೈಕ್ಲಿಕ್ ಗೇರ್ ಟ್ರೈನೇ. ಸನ್ ಗೇರಿನ ಹಲ್ಲಿನ ಜಾಗದಲ್ಲಿ 4 ಹಾಕಿ, ರಿಂಗ್ ಗೇರಿನ ಜಾಗದಲ್ಲಿ 23, ಕ್ಯಾರಿಯರ್ ಜಾಗದಲ್ಲಿ ಉಕ್ಕಿನ ಬಳೆ. ಕೈನೆಮ್ಯಾಟಿಕ್ಸ್ ಕ್ಲಾಸಿನಲ್ಲಿ ಟೇಬಲ್ ಹಾಕಿ ಬಿಡಿಸೋ ಅದೇ ಸಮೀಕರಣ, ಒಂದಕ್ಷರ ಬದಲಾಗಲ್ಲ. ನಾವು ಇಲೆಕ್ಟ್ರಿಕಲ್‌ನವರು ಮೂರು ದಿನ ತಲೆ ಕೆಡಿಸಿಕೊಂಡಿದ್ದನ್ನು ಪಕ್ಕದ ರೂಮಿನ ಮೆಕ್ಯಾನಿಕಲ್ ಹುಡುಗ ಮೆಸ್ಸಿನ ಟಿಶ್ಯೂ ಮೇಲೆ ಎರಡು ನಿಮಿಷಕ್ಕೆ ಬಿಡಿಸಿಟ್ಟ. ಆದ್ರೆ ಉಕ್ಕಿನ ತುಂಡು ಯಾಕೆ ಬೇಕು ಅಂತ ಅವನಿಗೆ ಹೊಳೀಲಿಲ್ಲ, ಅದನ್ನು ನಾವು ಹೇಳಬೇಕಾಯ್ತು.

ಐಡಿಯಾ ಹೊಸದೇನಲ್ಲ. ಅಯಸ್ಕಾಂತದಿಂದ ಗೇರ್ ಮಾಡೋ ಪೇಟೆಂಟ್ ಅಮೆರಿಕದಲ್ಲಿ 1901ರಲ್ಲೇ ಇತ್ತು. ಉಕ್ಕಿನ ತುಂಡುಗಳನ್ನು ನಡುವೆ ಇಡೋ ಉಪಾಯಕ್ಕೆ 1968ರಲ್ಲಿ ಪೇಟೆಂಟ್ ಸಿಕ್ಕಿತು. ಅಯಸ್ಕಾಂತಗಳಿಗೆ ತಾಕತ್ತಿರಲಿಲ್ಲ, ಅಷ್ಟೆ. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಬಂದ ಮೇಲೆ, 2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಅತಲ್ಲಾ ಮತ್ತು ಹೋವ್ ಬರೆದ ಪೇಪರ್ ಇದನ್ನು ಮತ್ತೆ ಎಬ್ಬಿಸಿತು. ಅಲ್ಲಿಂದಲೇ ಮ್ಯಾಗ್ನೋಮ್ಯಾಟಿಕ್ಸ್ ಅನ್ನೋ ಕಂಪನಿ ಹುಟ್ಟಿತು. ಗೇರನ್ನೂ ಜನರೇಟರನ್ನೂ ಒಂದರೊಳಗೊಂದು ಸೇರಿಸಿ ಒಂದೇ ಯಂತ್ರ ಮಾಡೋ ವಿನ್ಯಾಸಕ್ಕೆ ಸೂಡೋ ಡೈರೆಕ್ಟ್ ಡ್ರೈವ್ ಅಂತ ಹೆಸರಿಟ್ಟರು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯದವರು ಅಲೆಗೆಂದೇ ಅಯಸ್ಕಾಂತದ ಸ್ಕ್ರೂ ಮಾಡಿದ್ದಾರೆ. ನಟ್ಟನ್ನು ಎಳೆದ್ರೆ ಬೋಲ್ಟ್ ತಿರುಗುತ್ತೆ, ಅಲ್ಲೂ ಮುಟ್ಟೋದಿಲ್ಲ.

ಈಗ ‘ಮೇಂಟೆನೆನ್ಸೇ ಇಲ್ಲ’ ಅನ್ನೋ ಮಾತಿಗೆ ಬರೋಣ. ಹಲ್ಲು ಸವೆಯಲ್ಲ, ಯಾಕಂದ್ರೆ ಹಲ್ಲಿಲ್ಲ. ಒಪ್ಪಿದ್ವಿ. ಬೇರಿಂಗ್ ಇದೆಯಲ್ಲ? ಎರಡು ರೋಟರಿಗೂ ಬೇಕು. ಒಳಗೂ ಹೊರಗೂ ಅಯಸ್ಕಾಂತ ಎಳೆಯುತ್ತಿರೋವಾಗ ನಡುವಿನ ತೆಳು ಉಕ್ಕಿನ ಬಳೆ ಕೂದಲೆಳೆಯಷ್ಟೂ ಬಾಗದೆ ನಿಲ್ಲಬೇಕು, ಅದನ್ನು ಕಟ್ಟೋದೇ ದೊಡ್ಡ ತಲೆನೋವು. ತಿರುಗೋ ಕ್ಷೇತ್ರದಿಂದ ಉಕ್ಕಿನಲ್ಲೂ ಅಯಸ್ಕಾಂತದಲ್ಲೂ ಎಡ್ಡಿ ಕರೆಂಟ್ ಹುಟ್ಟಿ ಬಿಸಿಯಾಗಿ ಪವರ್ ಪೋಲಾಗುತ್ತೆ. ಇನ್ನು ನಿಯೋಡಿಮಿಯಂ ಅಯಸ್ಕಾಂತದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಕಬ್ಬಿಣವೇ ಇರೋದ್ರಿಂದ ತುಕ್ಕು ಬೇಗ ಹಿಡಿಯುತ್ತೆ. ಅಂಗಡಿಯಲ್ಲಿ ಸಿಗೋದು ಬೆಳ್ಳಿಯ ಹಾಗೆ ಫಳಫಳ ಅನ್ನುತ್ತಲ್ಲ, ಅದು ನಿಕ್ಕಲ್ ಲೇಪ. ಲೇಪ ಒಂದು ಕಡೆ ಕಿತ್ತು ಉಪ್ಪುನೀರು ಒಳಗೆ ಹೋದ್ರೆ ಕಥೆ ಮುಗೀತು.

ಇದೆಲ್ಲಕ್ಕಿಂತ ನಮಗೆ ಮುಖ್ಯ ಅನ್ನಿಸಿದ್ದು ಹಿಡಿತ ತಪ್ಪೋ ವಿಷಯ. ‘ಬಿರುಗಾಳಿಗೆ ಸಿಕ್ಕಿದ್ರೂ ಮುರಿಯಲ್ಲ, ಸುಮ್ಮನೆ ಜಾರುತ್ತೆ’ ಅಂತ ಎಲ್ಲರೂ ಹೊಗಳ್ತಾರೆ. ಸ್ಟರರ್ ನೆನಪಿಸಿಕೊಳ್ಳಿ. ಜಾರಿದ ಮಾತ್ರೆ ಮತ್ತೆ ಹಿಡಿತಕ್ಕೆ ಬಂದಿದ್ದು ನಾವು ನಾಬ್ ಕಮ್ಮಿ ಮಾಡಿದ್ದಕ್ಕೆ. ಕಡಲಿನಲ್ಲಿ ನಾಬ್ ಕಮ್ಮಿ ಮಾಡೋರು ಯಾರು? ಗೇರ್ ಜಾರಿದ ಕ್ಷಣದಿಂದ ಜನರೇಟರಿನ ತಡೆ ಇಲ್ಲ, ತೇಲುಬುರುಡೆ ಕಟ್ಟು ಬಿಚ್ಚಿದ ಹೋರಿಯ ಹಾಗೆ ಓಡುತ್ತೆ, ಹಗ್ಗದ ಕೊನೆ ಮುಟ್ಟಿದಾಗ ಬೀಳೋ ಪೆಟ್ಟು ಗೇರಿಗಲ್ಲ, ಮಿಕ್ಕ ಎಲ್ಲದಕ್ಕೂ. ಹಾಗಾಗಿ ಬೇರೆ ಬ್ರೇಕ್ ಬೇಕು, ಅಲೆ ತಗ್ಗಿದಾಗ ಮತ್ತೆ ಹಿಡಿತಕ್ಕೆ ತರೋ ಕಂಟ್ರೋಲ್ ಬೇಕು. ಜಾರೋದು ಫ್ಯೂಸ್ ಇದ್ದ ಹಾಗೆ. ಫ್ಯೂಸ್ ಇದೆ ಅಂತ ವೈರಿಂಗ್ ಹೇಗೆ ಬೇಕಾದ್ರೂ ಮಾಡ್ತೀವಾ? ಆದ್ರೂ ಹಲ್ಲು ಮುರಿದ ಗೇರ್‌ಬಾಕ್ಸಿಗಿಂತ ಜಾರಿದ ಗೇರ್ ಸಾವಿರ ಪಾಲು ವಾಸಿ. ಮರುದಿನ ಕಡಲು ಶಾಂತ ಆದಾಗ ಅದು ಇನ್ನೂ ಬದುಕಿರುತ್ತೆ, ಯಾರೂ ಬಂದು ರಿಪೇರಿ ಮಾಡಬೇಕಿಲ್ಲ.

ಈ ‘ಯಾರೂ ಬಂದು’ ಅನ್ನೋದೇ ನಮ್ಮ ವಾದದ ಬೇರು. ಅಲೆಯ ಎತ್ತರದ ವರ್ಗವನ್ನು ಅಲೆಯ ಅವಧಿಯಿಂದ ಗುಣಿಸಿ ಅರ್ಧ ಮಾಡಿದ್ರೆ ಒಂದು ಮೀಟರ್ ಅಗಲದ ಅಲೆಯಲ್ಲಿ ಹೆಚ್ಚುಕಮ್ಮಿ ಎಷ್ಟು ಕಿಲೋವ್ಯಾಟ್ ಇದೆ ಅಂತ ಸಿಗುತ್ತೆ. ಮುಕ್ಕಾಲು ಮೀಟರ್ ಎತ್ತರ, 6 ಸೆಕೆಂಡಿನ ಅಲೆಗೆ 1.7 ಕಿಲೋವ್ಯಾಟ್. ಎರಡೂವರೆ ಮೀಟರ್, 9 ಸೆಕೆಂಡಿನ ಅಲೆಗೆ 28. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೊದಲನೆಯದು ಬೇಸಿಗೆಯ ಕಡಲಿನ ತರಹದ್ದು, ಎರಡನೆಯದು ಮಳೆಗಾಲದ್ದು. ಶಕ್ತಿಯೆಲ್ಲ ಬರೋದು ಆ ಮೂರು ನಾಲ್ಕು ತಿಂಗಳಲ್ಲಿ. ಅದೇ ಹೊತ್ತಿಗೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ದಡ ಸೇರಿರ್ತವೆ. ಮೀನು ಮರಿ ಹಾಕೋ ಕಾಲ ಅನ್ನೋದು ಒಂದು ಕಾರಣ, ಕಡಲು ಅಷ್ಟು ಒರಟಾಗಿರುತ್ತೆ ಅನ್ನೋದು ಇನ್ನೊಂದು. ಯಂತ್ರ ಹೆಚ್ಚು ದುಡಿಯೋ ದಿನಗಳಲ್ಲೇ ಅದರ ಹತ್ತಿರ ಹೋಗೋಕಾಗಲ್ಲ. ಜೂನ್ 5ಕ್ಕೆ ಒಂದು ಸೀಲ್ ಹೋಯ್ತು ಅಂದ್ರೆ ಆ ವರ್ಷದ ಬೆಳೆಯೇ ಹೋಯ್ತು. ಇಲ್ಲಿ ಎಫಿಶಿಯೆನ್ಸಿ ಶೇಕಡಾ 2 ಹೆಚ್ಚೋ ಕಮ್ಮಿಯೋ ಅನ್ನೋದಕ್ಕಿಂತ, ಸೆಪ್ಟೆಂಬರಿಗೆ ನೋಡೋಕೆ ಹೋದಾಗ ಅದು ಇನ್ನೂ ತಿರುಗ್ತಿದೆಯಾ ಅನ್ನೋದು ದೊಡ್ಡ ಪ್ರಶ್ನೆ.

ದೊಡ್ಡದಾಗಿ ಹೊರಟವರ ಪಾಡು ನೋಡಿ. ಕೇರಳದ ವಿಳಿಂಜಂನಲ್ಲಿ ಐಐಟಿ ಮದ್ರಾಸಿನವರು 1991ರಲ್ಲೇ 150 ಕಿಲೋವ್ಯಾಟಿನ ಅಲೆ ಸ್ಥಾವರ ಶುರು ಮಾಡಿದ್ರು. ಆ ಕಾಲಕ್ಕೆ ಅದು ನಿಜಕ್ಕೂ ಹೆಮ್ಮೆಯ ಕೆಲಸ. ಆದ್ರೆ ಅದರ ಹಿಂದೆ ಸಾಲು ಸಾಲು ಸ್ಥಾವರ ಬರಲಿಲ್ಲ. ಪೋರ್ಚುಗಲ್ಲಿನಲ್ಲಿ 2008ರಲ್ಲಿ ಹಾವಿನ ಹಾಗೆ ತೇಲೋ ಪೆಲಾಮಿಸ್ ಯಂತ್ರ ಮೂರನ್ನು, ಒಂದೊಂದು 750 ಕಿಲೋವ್ಯಾಟ್, ಇಳಿಸಿದ್ರು. ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆದು ತಂದ್ರು, 2014ರಲ್ಲಿ ಕಂಪನಿಯೇ ಮುಳುಗಿತು. ಸಣ್ಣದಾಗಿ ಹೊರಟವರು? ಜಪಾನಿನ ಯೋಶಿಯೋ ಮಸುದಾ ಅಲೆಯಿಂದ ದೀಪ ಉರಿಸೋ ತೇಲುಬುರುಡೆ ಮಾಡಿದ್ರು, ಹಡಗಿಗೆ ದಾರಿ ತೋರಿಸೋಕೆ. 1965ರಿಂದಲೇ ಅದು ಮಾರಾಟಕ್ಕೆ ಬಂತು. ಅಲೆಯ ಶಕ್ತಿ ನಿಜವಾಗಿ ಗಿರಾಕಿ ಕಂಡಿದ್ದು ಒಂದು ದೀಪದಲ್ಲಿ. ಇದು ಬುರುಡೆ ಅಲ್ಲ!

ನಮ್ಮ ಕಡಲಿನಲ್ಲೂ ಅಂಥ ಒಂಟಿ ಯಂತ್ರಗಳು ಈಗಾಗ್ಲೇ ಇವೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ದತ್ತಾಂಶ ಬುರುಡೆಗಳು ಅರಬ್ಬಿ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಗಾಳಿ, ಅಲೆ, ನೀರಿನ ಬಿಸಿ ಅಳೆದು ಉಪಗ್ರಹದ ಮೂಲಕ ಕಳಿಸ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಯ್ತಲ್ಲ, ಅಂಥ ಹೊತ್ತಲ್ಲಿ ಬೋಟುಗಳಿಗೆ ಎಚ್ಚರಿಕೆ ಕೊಡೋಕೆ ಬೇಕಾಗೋದು ಇಂಥ ಅಳತೆಗಳೇ. ಅವು ನಡೆಯೋದು ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಮೇಲೆ. ಸೋಲಾರ್ ಸಾಕಲ್ವಾ ಅಂತ ಕೇಳ್ತೀರಿ. ಇವತ್ತಿನ ಸೆನ್ಸರುಗಳಿಗೆ ಸಾಕು. ಆದ್ರೆ ಕ್ಯಾಮೆರಾ ಬೇಕು, ಸೋನಾರ್ ಬೇಕು, ಬಿರುಗಾಳಿ ಬರೋವಾಗ ಐದೈದು ನಿಮಿಷಕ್ಕೆ ವರದಿ ಬೇಕು ಅಂದ್ರೆ ಸಾಕಾಗಲ್ಲ. ಮೋಡ ಕವಿದಾಗ ಪ್ಯಾನೆಲ್ ಮಲಗುತ್ತೆ, ಅಲೆ ಏಳುತ್ತೆ. ನಾವು ಅಲೆಯನ್ನು ಪಾವಗಡದ ಸೋಲಾರ್ ಪಾರ್ಕಿನ ಜೊತೆ ಕುಸ್ತಿಗೆ ಬಿಡೋದನ್ನು ನಿಲ್ಲಿಸಿದ್ರೆ ಸಾಕು. ನೂರಿನ್ನೂರು ವ್ಯಾಟ್ ಕೊಡೋ ಸಣ್ಣ ಯಂತ್ರದಲ್ಲಿ ಬೇಕಾಗೋ ಅಯಸ್ಕಾಂತವೂ ಕಮ್ಮಿ, ಎಳೆತದ ಬಲವೂ ಕಮ್ಮಿ, ಮೇಲೆ ಹೇಳಿದ ಉಕ್ಕಿನ ಬಳೆಯ ತಲೆನೋವೂ ಕಮ್ಮಿ.

ಅಯಸ್ಕಾಂತ ಕಮ್ಮಿ ಬೇಕು ಅನ್ನೋದು ಸಣ್ಣ ವಿಷಯ ಅಲ್ಲ. 2025ರ ಏಪ್ರಿಲಿನಲ್ಲಿ ಚೀನಾ ಕೆಲವು ಅಪರೂಪದ ಲೋಹಗಳ ಮತ್ತು ಅವುಗಳ ಅಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಂಪನಿಗಳೇ ಬೆವತವು. ತಮಾಷೆ ಅಂದ್ರೆ, ನಿಯೋಡಿಮಿಯಂ ಇರೋ ಮೊನಜೈಟ್ ಮರಳು ಕೇರಳದ ಚವರದ ಸಮುದ್ರ ದಂಡೆಯಲ್ಲೇ ಬಿದ್ದಿದೆ. ಅಲೆ ನಮ್ಮದು, ಮರಳು ನಮ್ಮದು, ಅಯಸ್ಕಾಂತ ಮಾತ್ರ ಹೊರಗಿನದು.

ಈಗ ರೂಲಿನ ಕಥೆ. ನಮ್ಮಲ್ಲಿ ಐದನೇ ಸೆಮ್ಮಿನ ಮಿನಿ ಪ್ರಾಜೆಕ್ಟಿಗೆ ನಾಲ್ಕೂ ಜನ ಒಂದೇ ಬ್ರಾಂಚಿನವರಾಗಿರಬೇಕು, ಗೈಡ್ ಅದೇ ಡಿಪಾರ್ಟ್‌ಮೆಂಟಿನವರಾಗಿರಬೇಕು. ಪರಿಣಾಮ ಏನು? ಇಲೆಕ್ಟ್ರಿಕಲ್‌ನವರು ಮೆಕ್ಯಾನಿಕಲ್ ಭಾಗ ಇಲ್ಲದ ಪ್ರಾಜೆಕ್ಟ್ ಹುಡುಕ್ತೀವಿ, ಮೆಕ್ಯಾನಿಕಲ್‌ನವರು ವೈರ್ ಇಲ್ಲದ್ದನ್ನು ಹುಡುಕ್ತಾರೆ. ವರ್ಷ ವರ್ಷ ಅದೇ ಸ್ಮಾರ್ಟ್ ಡಸ್ಟ್‌ಬಿನ್, ಅದೇ ಲೈನ್ ಫಾಲೋವರ್. ಕೆಲವು ಕಡೆ ರೆಡಿಮೇಡ್ ಪ್ರಾಜೆಕ್ಟನ್ನೇ ಕೊಂಡು ತಂದು ಬಣ್ಣ ಹಚ್ಚೋದೂ ನಡೆಯುತ್ತೆ, ಎಲ್ಲರಿಗೂ ಗೊತ್ತು. ಮಾರ್ಕ್ಸ್ ಯಾರು ಹಾಕೋದು ಅನ್ನೋ ಪ್ರಶ್ನೆ ನಿಜವಾದದ್ದೇ, ಸರ್‌ಗಳ ಕಷ್ಟ ನಮಗೆ ಅರ್ಥ ಆಗುತ್ತೆ. ಆದ್ರೆ ಇಬ್ಬರು ಗೈಡ್ ಇರಲಿ, ಆಯಾ ಬ್ರಾಂಚಿನವರಿಗೆ ಆಯಾ ಗೈಡ್ ಮಾರ್ಕ್ಸ್ ಹಾಕಲಿ. ಅದಕ್ಕೆ ಒಂದು ಸರ್ಕ್ಯುಲರ್ ಸಾಕು. ಮ್ಯಾಗ್ನೆಟಿಕ್ ಗೇರಿನಲ್ಲಿ ಗೇರ್ ಎಲ್ಲಿ ಮುಗೀತು, ಜನರೇಟರ್ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ. ಟೀಮಿನಲ್ಲಿ ಮಾತ್ರ ಗೆರೆ ಎಳೀಬೇಕಾ?

ಮಾಡೆಲ್‌ಗೆ ಬೇಕಾಗೋದು ಇಷ್ಟು: ಒಳಗೆ 4 ಅಯಸ್ಕಾಂತ, ಹೊರಗೆ 18, ಮಧ್ಯೆ 11 ಮೈಲ್ಡ್ ಸ್ಟೀಲ್ ತುಂಡು. ಅಂದ್ರೆ 2 ಜೋಡಿ, 9 ಜೋಡಿ, ಅನುಪಾತ ಐದೂವರೆ. ನಿಯೋಡಿಮಿಯಂ ಬೇಡ, ಫೆರೈಟ್ ಸಾಕು. ಟಾರ್ಕ್ ತುಂಬಾ ಕಮ್ಮಿ ಬರುತ್ತೆ, ಆದ್ರೆ ತುಕ್ಕು ಹಿಡಿಯಲ್ಲ, ಬೆರಳೂ ಜಜ್ಜಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯವರಿಗೆ ಕ್ಯಾಂಪಸ್ಸಿನ ಪಕ್ಕದಲ್ಲೇ ಬೀಚ್ ಇದೆ, ನಾವು ಅಲೆ ನೋಡಬೇಕಂದ್ರೆ ರಾತ್ರಿ ಬಸ್ ಹತ್ತಬೇಕು. ಪರವಾಗಿಲ್ಲ, ಗುಜರಿ ಅಂಗಡಿಯ ಕಾರ್ ವೈಪರ್ ಮೋಟಾರ್ ಹೋಗಿ ಬಂದು ಮಾಡುತ್ತೆ, ಅದೇ ನಮ್ಮ ಅಲೆ. ಮೊದಲು ನೋಡಬೇಕಿರೋದು ಎಷ್ಟು ಕರೆಂಟ್ ಬಂತು ಅಂತಲ್ಲ. ಲೋಡ್ ಏರಿಸ್ತಾ ಹೋದಾಗ ಎಷ್ಟು ಟಾರ್ಕ್‌ಗೆ ಜಾರುತ್ತೆ, ಜಾರಿದ ಮೇಲೆ ತಾನಾಗಿಯೇ ಹಿಡಿತಕ್ಕೆ ಬರುತ್ತಾ, ಎಷ್ಟು ಹೊತ್ತು ಬೇಕು. ಇಲೆಕ್ಟ್ರಿಕಲ್‌ನಿಂದ ಇಬ್ಬರು ಇದ್ದೀವಿ. ಉಕ್ಕಿನ ತುಂಡುಗಳನ್ನು ಅರ್ಧ ಮಿಲಿಮೀಟರ್ ಆಚೀಚೆ ಆಗದ ಹಾಗೆ ಕೂರಿಸೋ ಮೆಕ್ಯಾನಿಕಲ್‌ನವರು ಇಬ್ಬರು ಬೇಕು. ಸರ್ಕ್ಯುಲರ್ ಬರೋವರೆಗೆ ಕಾಯಲ್ಲ, ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ಹತ್ರ ಸಿಗ್ತೀವಿ.